ಅಣಕಿಸಲು ಬರದೆ ಹೋದ ನೆಂಟರು

ಲುಸಾಕಾ
18 ಜೂನ್ 1993

ಮಗಳೇ ಮ್ವಾಬ,

ಕೇಳಿದೆ. ಮೊದಲಿನಿಂದ ಕೊನೆಯ ತನಕ, ನಡುವೆ ಎದ್ದು ಒಂದು ಲೋಟ ಚಹಾ ಕೂಡ ಮಾಡಿಕೊಳ್ಳದೆ ಕೇಳಿದೆ. ಚಿಸೆಂಗು ಹಳ್ಳಿಯಿಂದ ನೀನು ಕಳಿಸಿದ ಈ ಕ್ಯಾಸೆಟ್ಟಿನಲ್ಲಿ ಮಾತಾಡಿರುವವರು ಯಾರು, ಹೇಳಲೇ? ನೀನು. ಆಮೇಲೆ ನೀನು. ಆಮೇಲೆ ಒಂದು ಹುಂಜ. ಅದರ ನಂತರ ಪುನಃ ನೀನು. ಈ ನಾಟಕದ ನಾಯಕಿ ಎನೆಲೆಸಿ ಜೇರೆ ಎಲ್ಲಿ? 'ಹೂಂ' ಅಂದಳು, 'ಇಲ್ಲ' ಅಂದಳು, ಕೆಮ್ಮಿದಳು, ತೆರೆ ಬಿತ್ತು.

ಬಯ್ಯುತ್ತಿಲ್ಲ, ನನಗೆ ಕುತೂಹಲ. ಯಾಕೆಂದರೆ ನಿನ್ನ ಕಡೆಯಿಂದ ತಪ್ಪೇ ಕಾಣುತ್ತಿಲ್ಲ. ದನಿ ಮೆತ್ತಗಿದೆ. ಪ್ರಶ್ನೆ ಕೇಳಿದ ಮೇಲೆ ಕಾಯುತ್ತೀಯ. 'ಬೇಡವೆನಿಸಿದರೆ ಇಲ್ಲಿಗೇ ನಿಲ್ಲಿಸೋಣ' ಎಂದು ನಾನು ಕಲಿಸಿದ ಹಾಗೆಯೇ ಹೇಳುತ್ತೀಯ. ಹೆರಿಗೆಯಲ್ಲಿ ಮಗು ಕಳೆದುಕೊಂಡ ತಾಯಿಯ ಎದುರು ಹೇಗೆ ಕೂರಬೇಕು, ಎಷ್ಟು ದೂರ ಕೂರಬೇಕು, ಕಣ್ಣು ಎಲ್ಲಿಡಬೇಕು, ಎಲ್ಲವೂ ಸರಿಯಾಗಿಯೇ ಇದೆ. ಆದರೂ ಆ ಹೆಣ್ಣುಮಗಳ ಬಾಯಿ ತೆರೆಯಲಿಲ್ಲ. ಯಾಕೆ?

ನಮ್ಮ ಅಧ್ಯಯನದ ಕಟ್ಟಳೆ ನಿನಗೆ ಗೊತ್ತು. ಮೂರು ಭೇಟಿ. ಮೂರನೆಯದರಲ್ಲೂ ತಾಯಿ ಮಾತಾಡದಿದ್ದರೆ ಅವಳನ್ನು ಅವಳ ಪಾಡಿಗೆ ಬಿಟ್ಟುಬಿಡಬೇಕು. ಆಗ ಉಳಿಯುವುದು ಆಸ್ಪತ್ರೆಯವರು ಬರೆದಿಟ್ಟ ಎರಡೇ ಮಾತು: 'ಸತ್ತು ಹುಟ್ಟಿದ್ದು.' ಒಂಬತ್ತು ತಿಂಗಳು ಹೊತ್ತವಳ ಮಾತು ಎಲ್ಲಿಯೂ ಇರುವುದಿಲ್ಲ. ಹಾಗಾಗಬಾರದು ಎಂದು ತಾನೇ ನಾವು ಊರೂರು ಅಲೆಯುತ್ತಿರುವುದು?

ಲಾರಿಯ ಹಿಂಬದಿಯನ್ನೇ ರಂಗ ಮಾಡಿಕೊಂಡು, ನಿಂಬೆಹಣ್ಣು ಮಾರುವವರ ಗಲಾಟೆಯ ಮೇಲೆ ದನಿ ಎತ್ತಿ, ಕಾಲರಾ ನಾಟಕ ಆಡಿದವಳು ನಾನು. ಕೇಳುಗರು ಎದ್ದು ಹೋಗುವುದು ಗೊತ್ತು, ಕಲ್ಲೆಸೆಯುವುದು ಗೊತ್ತು. ಎದುರೇ ಕೂತು, ಎದ್ದೂ ಹೋಗದೆ, ಬಾಯಿಯನ್ನೂ ಬಿಡದೆ ಇರುವುದು ಹೊಸದು. ಎರಡನೆಯ ಭೇಟಿಯಾದ ಮೇಲೆ ಎಲ್ಲ ಬರೆ. ಅವಳು ಏನು ಹೇಳಿದಳು ಎಂದಲ್ಲ. ಏನು ಮಾಡಿದಳು?

ನಿನ್ನ,
ಲುಯಾಂಡೊ ಹಮೂಂಗ


ಚಿಸೆಂಗು
2 ಜುಲೈ 1993

ಮಾಯೋ ಲುಯಾಂಡೊ,

ನೀವು ಮಗಳೇ ಎಂದದ್ದಕ್ಕೆ ನಾನೂ ನಮ್ಮ ಕಡೆಯ ಹಾಗೆ ಮಾಯೋ, ಅಮ್ಮ, ಎಂದಿದ್ದೇನೆ. ನಿಮ್ಮ ಪತ್ರ ಶುಕ್ರವಾರದ ಲ್ಯಾಂಡ್‌ರೋವರಿನಲ್ಲಿ ಬಂತು. ಎರಡನೆಯ ಸಲ ಹೋಗಿ ಬಂದೆ. ಕ್ಯಾಸೆಟ್ ಕಳಿಸುತ್ತಿಲ್ಲ, ಅದರಲ್ಲಿ ಏನೂ ಇಲ್ಲ. ಏನು ಮಾಡಿದಳು ಎಂದು ಕೇಳಿದಿರಲ್ಲ, ಅದನ್ನು ಬರೆಯುತ್ತೇನೆ.

ಎನೆಲೆಸಿಗೆ ನನಗಿಂತ ಒಂದೆರಡು ವರ್ಷ ಹೆಚ್ಚಿರಬಹುದು. ಉದ್ದಕ್ಕೆ ಇದ್ದಾರೆ, ನಡೆಯುವಾಗ ನೆಲಕ್ಕೆ ಸಾಲ ಕೊಟ್ಟವರ ಹಾಗೆ ನಡೆಯುತ್ತಾರೆ. ಗಂಡ ಚಿಪಾಟಾದಲ್ಲಿ ಮರ ಕೊಯ್ಯುವ ಕೆಲಸಕ್ಕೆ ಹೋಗುತ್ತಾರೆ. ಮನೆಯಲ್ಲಿ ಅತ್ತೆ ಝೆಲೆಸಿ ಇದ್ದಾರೆ, ಊರಿಗೆಲ್ಲ ಅಂಬುಯಾ, ಅಜ್ಜಿ. ನಾನು ಹೋದಾಗಲೆಲ್ಲ ಗೋಡೆಯ ಬುಡದಲ್ಲಿ ನಮಗೆ ಬೆನ್ನು ಹಾಕಿ ಕೂತು ಜೋಳ ಕೇರುತ್ತಾರೆ. ಮಾತಾಡುವುದಿಲ್ಲ. ಎದ್ದು ಹೋಗುವುದೂ ಇಲ್ಲ.

ಮೊದಲ ಭೇಟಿಯಲ್ಲಿ ಒಂದು ಸಣ್ಣ ಸಂಗತಿ ನಡೆದಿತ್ತು, ಯಂತ್ರ ಆನ್ ಮಾಡುವ ಮೊದಲು. ನನ್ನ ಹೆಸರು ಮ್ವಾಬ ಕಸೊಂದೆ ಎಂದದ್ದೇ ಎನೆಲೆಸಿ ತಲೆ ಎತ್ತಿ, ಹಾಗಾದರೆ ಬೆಂಬಾ ಕುಲದವಳೇನು ಎಂದು ಕೇಳಿದರು. ನೀವು ಕಲಿಸಿದ್ದೀರಲ್ಲ, ಅಂಗಳಕ್ಕೆ ಕಾಲಿಡುವಾಗ ನಿಮ್ಮ ಕುಲ, ಚರ್ಚು, ಪಕ್ಷ ಎಲ್ಲವನ್ನೂ ಬೇಲಿಯ ಹೊರಗೆ ನೇತುಹಾಕಿ ಒಳಗೆ ಹೋಗಿ, ನೀವು ಬರೀ ಎರಡು ಕಿವಿ ಎಂದು. ಅದಕ್ಕೆ ನಾನು, ಈ ಮಾತುಕತೆಗೆ ಅದು ಮುಖ್ಯವಲ್ಲ, ನಾನು ಅಧ್ಯಯನದ ಕಡೆಯಿಂದ ಬಂದಿದ್ದೇನೆ ಎಂದೆ. ಅವರು ಹೂಂ ಎಂದು ನೆಲ ನೋಡಿದರು. ಆಮೇಲಿನದು ನೀವು ಕೇಳಿದ್ದೀರಿ.

ಈ ಸಲ ನಾನು ಕೂತ ಕೂಡಲೇ ಒಳಗಿಂದ ಮುಚ್ಚಿದ ತಟ್ಟೆ ತಂದು ಮುಂದಿಟ್ಟರು. ತೆಗೆದು ನೋಡಿದೆ. ಇಲಿ. ಬೇಯಿಸಿ ಒಣಗಿಸಿ ಸಾಲಾಗಿ ಇಟ್ಟಿದ್ದಾರೆ, ಬಾಲ ಸಮೇತ. ಈ ಕಡೆ ಅದು ಒಳ್ಳೆಯ ಅಡುಗೆ, ನಿಮಗೂ ಗೊತ್ತು. ಎನೆಲೆಸಿ ಸೊಂಟದ ಮೇಲೆ ಕೈಯಿಟ್ಟು ನನ್ನ ಮುಖವನ್ನೇ ನೋಡುತ್ತ ನಿಂತರು. ಏನಾದರೂ ಹೇಳಲಿ ಎಂದು ಕಾಯುವವರ ಹಾಗೆ. ನಾನು ಮುಖ ಒಂದಿಷ್ಟೂ ಬದಲಿಸದೆ, ಪ್ರತಿಯೊಬ್ಬರ ಆಹಾರವೂ ಗೌರವಕ್ಕೆ ಯೋಗ್ಯ, ಧನ್ಯವಾದ ಎಂದು ಹೇಳಿ ಒಂದನ್ನು ತಿಂದೆ. ಚೆನ್ನಾಗಿಯೇ ಇತ್ತು.

ಅವರ ಮುಖ ಇಳಿದುಹೋಯಿತು, ಮಾಯೋ. ತಟ್ಟೆ ಎತ್ತಿಕೊಂಡು ಒಳಗೆ ಹೋದವರು ಬಹಳ ಹೊತ್ತು ಬರಲಿಲ್ಲ. ತಿಂದದ್ದು ತಪ್ಪೇ? ತಿನ್ನದಿದ್ದರೆ ತಪ್ಪಾಗುತ್ತಿತ್ತು, ಅಲ್ಲವೇ? ಅಲ್ಲಿಂದ ಬಂದಾಗಿನಿಂದ ತಲೆಯಲ್ಲಿ ಇದೇ ಕೊರೆಯುತ್ತಿದೆ.

ಉಳಿದದ್ದು ಒಂದೇ ಭೇಟಿ.

ನಿಮ್ಮ,
ಮ್ವಾಬ


ಲುಸಾಕಾ
9 ಜುಲೈ 1993

ಮಗಳೇ,

ಇಲಿಯ ದೃಶ್ಯ ಓದಿ ಕುರ್ಚಿಯಿಂದ ಎದ್ದು ಕೋಣೆಯಲ್ಲಿ ಓಡಾಡಿದೆ. ನೀನು ಕೂತ ಹಾಗೆ ಕೂತು ನೋಡಿದೆ, ಅವಳು ನಿಂತ ಹಾಗೆ ನಿಂತು ನೋಡಿದೆ. ಪಕ್ಕದ ಕೋಣೆಯವರು ಇಣುಕಿ ನೋಡಿ ಹೋದರು, ನೋಡಲಿ. ಕೊನೆಗೆ ನನಗೆ ಹೊಳೆದದ್ದು ಇದು: ಮನೆಯಲ್ಲಿದ್ದ ಒಳ್ಳೆಯದನ್ನು ನಿನಗೆ ಬಡಿಸಿದಳು. ನೀನು ಒಂದೇ ತಿಂದೆ. ಲುಸಾಕಾದ ಹುಡುಗಿಗೆ ನನ್ನ ಮನೆಯ ಊಟ ಒಗ್ಗಲಿಲ್ಲ ಎಂದು ಅವಳಿಗೆ ನೋವಾಯಿತು. ಅಷ್ಟೇ.

ಹಾಗಾಗಿ ಮೂರನೆಯ ಅಂಕಕ್ಕೆ ನನ್ನ ನಿರ್ದೇಶನ. ಸ್ಟೂಲು ಬೇಡ, ನೆಲದ ಮೇಲೆ ಕೂರು. ಅವಳು ಶೇಂಗಾ ಸುಲಿಯುತ್ತಿದ್ದರೆ ನೀನೂ ಸುಲಿ. ಅವಳು ಕಾಲು ಚಾಚಿದರೆ ನೀನೂ ಚಾಚು. ದನಿ ಇನ್ನೂ ಇಳಿಸು. ಮೌನ ಬಂದರೆ ಹೆದರಬೇಡ. ಮೌನಕ್ಕೂ ರಂಗದ ಮೇಲೆ ಜಾಗವಿದೆ. 'ನಿಮ್ಮ ನೋವನ್ನು ಹೊತ್ತುಕೊಳ್ಳಲು ನನ್ನಿಂದಾಗದು, ಪಕ್ಕದಲ್ಲಿ ಕೂರಬಲ್ಲೆ' ಎಂಬ ನಮ್ಮ ಮಾತನ್ನು ಹೇಳು, ಆದರೆ ಪಾಠ ಒಪ್ಪಿಸಿದ ಹಾಗೆ ಹೇಳಬೇಡ.

ಅತ್ತೆಯ ಬೆನ್ನು ಮಾತ್ರ ನನಗೆ ವಿಚಿತ್ರವಾಗಿ ಕಾಣುತ್ತಿದೆ. ಕೇಳಬಾರದೆಂದಿದ್ದರೆ ಎದ್ದು ಹೋಗಬಹುದಿತ್ತು. ಮಾತಾಡಬೇಕೆಂದಿದ್ದರೆ ತಿರುಗಬಹುದಿತ್ತು. ಬೆನ್ನು ಹಾಕಿಕೊಂಡು ಕೂತೇ ಇರುವುದು ಯಾರು?

ಕಾಯುತ್ತಿದ್ದೇನೆ.

ಲುಯಾಂಡೊ


ಚಿಸೆಂಗು
23 ಜುಲೈ 1993

ಮಾಯೋ ಲುಯಾಂಡೊ,

ಮೂರನೆಯ ಭೇಟಿ ಮುಗಿಯಿತು. ಎನೆಲೆಸಿ ಮಾತಾಡಿದರು. ಕ್ಯಾಸೆಟ್ ಇದರ ಜೊತೆಗಿದೆ.

ಇಲ್ಲಿ ಬೆಳಗ್ಗೆ ಚಳಿ ಬಹಳ. ಸೈಕಲ್ಲಿನ ಹಿಂದಿನ ಟ್ಯೂಬು ಹೋಗಿದೆ, ಮುಂದಿನ ಗಾಡಿಯಲ್ಲಿ ಒಂದು ಕಳಿಸಲು ಸಾಧ್ಯವೇ? ಮೇಷ್ಟ್ರ ಮನೆಯವರು ನನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೆ.

ಕ್ಯಾಸೆಟ್ ಕೇಳುವಾಗ ಒಬ್ಬರೇ ಕೇಳಿದರೆ ಒಳ್ಳೆಯದು.

ಮ್ವಾಬ


ಲುಸಾಕಾ
30 ಜುಲೈ 1993

ಮ್ವಾಬ,

ಟ್ಯೂಬು ಕಳಿಸಿದ್ದೇನೆ. ಈಗ ಕ್ಯಾಸೆಟ್ಟಿನ ವಿಷಯಕ್ಕೆ ಬರೋಣ.

ಒಬ್ಬಳೇ ಕೇಳಿದೆ. ಪುಣ್ಯ. ಶುರುವಿನಲ್ಲಿ ಶೇಂಗಾ ಸುಲಿಯುವ ಸದ್ದು, ನಿನ್ನ ಮೆತ್ತಗಿನ ದನಿ, ಎಲ್ಲ ನಾನು ಹೇಳಿಕೊಟ್ಟ ಹಾಗೆ. ಆಮೇಲೆ ಅವಳು ನಿಮ್ಮ ಕುಲವನ್ನು ಹಿಡಿದು ಏನೋ ಬೈದಳು. ಸರಿ, ದುಃಖದಲ್ಲಿರುವವರು ಬೈಯುತ್ತಾರೆ, ಬೈಸಿಕೊಳ್ಳುವುದು ನಮ್ಮ ಕೆಲಸ. ಆದರೆ ನೀನು? ನೀನು ತಿರುಗಿ ಬೈದೆ. ಮಗು ಕಳೆದುಕೊಂಡ ತಾಯಿಗೆ ಇಲಿ ಹಿಡಿಯುವವಳು ಎಂದೆ. ಅದು ಸಾಲದು ಎಂಬಂತೆ, ಆ ಸತ್ತ ಕೂಸಿನ ಹಾಗೆ ಅತ್ತು ತೋರಿಸಿದೆ. ಅಣಕಿಸಿದೆ, ಮ್ವಾಬ. ಒಂದು ಸಲವಲ್ಲ, ಮತ್ತೆ ಮತ್ತೆ. ಕುರಿಮರಿಯ ಹಾಗೆ, ಬೆಕ್ಕಿನ ಹಾಗೆ.

ಆಡಿಸಿದವಳು, ಆಡಿದವಳು, ಎಂಥೆಂಥ ಕಟುಕರ ಪಾತ್ರಗಳನ್ನು ನೋಡಿದವಳು ನಾನು. ನನಗೇ ಯಂತ್ರ ನಿಲ್ಲಿಸಿ ಹೊರಗೆ ಹೋಗಿ ನಿಲ್ಲಬೇಕಾಯಿತು.

ಈ ಕ್ಯಾಸೆಟ್ ಅಧ್ಯಯನದ ಸಮಿತಿಯ ಮುಂದೆ ಹೋಗಲೇಬೇಕು. ಅಧ್ಯಕ್ಷ ಡಾಕ್ಟರ್ ಮುಬಿತಾ ಕೇಳುತ್ತಾರೆ. ತಾಯಿಯನ್ನು ಅವಮಾನಿಸಿದ ಸಂದರ್ಶನವನ್ನು ಅಳಿಸಿಹಾಕಬೇಕು, ಮಾಡಿದವರನ್ನು ಮನೆಗೆ ಕಳಿಸಬೇಕು, ಕಟ್ಟಳೆ ಹಾಗಿದೆ. ಅಳಿಸಿದರೆ ಎನೆಲೆಸಿಯ ಮಾತೂ ಹೋಯಿತು, ನಾಲ್ಕನೆಯ ಭೇಟಿಗೆ ಅವಕಾಶವಿಲ್ಲ. ಇದೆಲ್ಲ ಗೊತ್ತಿದ್ದೂ ನೀನು ಚಳಿಯ ಬಗ್ಗೆ ಬರೆದೆ.

ಪತ್ರವನ್ನು ಇಲ್ಲಿಗೇ ಮುಗಿಸಿ ಸಹಿ ಹಾಕಿದ್ದೆ. ಆದರೆ ಲಕೋಟೆ ಅಂಟಿಸಲು ಆಗಲಿಲ್ಲ. ಇನ್ನೊಂದು ಸಲ ಕೇಳಿದೆ. ಒಂದು ವಿಷಯ ನನ್ನನ್ನು ಬಿಡುತ್ತಿಲ್ಲ. ಆ ಕ್ಯಾಸೆಟ್ಟಿನಲ್ಲಿ ನಗುತ್ತಿರುವವಳು ನೀನಲ್ಲ. ಅವಳು. 'ಹಾಗಲ್ಲ, ಇನ್ನೂ ಸಣ್ಣಗೆ' ಎನ್ನುತ್ತಿರುವುದೂ ಅವಳೇ. ಅಣಕಿಸಿಕೊಂಡ ತಾಯಿ ಅಣಕಿಸುವವಳಿಗೆ ಪಾಠ ಹೇಳಿಕೊಡುತ್ತಿದ್ದಾಳೆ.

ಅಲ್ಲಿ ನಡೆದದ್ದೇನು? ಸಮಿತಿ ಸೇರುವ ಮೊದಲು ಬರೆ. ಎಲ್ಲ ಬರೆ. ಚಳಿ ಬೇಡ.

ಲುಯಾಂಡೊ


ಚಿಸೆಂಗು
6 ಆಗಸ್ಟ್ 1993

ಮಾಯೋ,

ಬರೆಯದೆ ಇದ್ದದ್ದು ನಾಚಿಕೆಯಿಂದಲ್ಲ. ಅದನ್ನು ಯಾವ ಮಾತಿನಲ್ಲಿ ಹೇಳಬೇಕೆಂದು ಗೊತ್ತಾಗಲಿಲ್ಲ. ಈಗಲೂ ಗೊತ್ತಿಲ್ಲ, ನಡೆದ ಹಾಗೆ ಬರೆಯುತ್ತೇನೆ.

ನೀವು ಹೇಳಿದ ಹಾಗೆ ನೆಲದ ಮೇಲೆ ಕೂತೆ. ಶೇಂಗಾ ಸುಲಿದೆ. ಅಂಬುಯಾ ಗೋಡೆಯ ಹತ್ತಿರ ಎಂದಿನಂತೆ ಬೆನ್ನು ಹಾಕಿ ಕೇರುತ್ತಿದ್ದರು. ಪಕ್ಕದಲ್ಲಿ ಕೂರಬಲ್ಲೆ ಎಂಬ ಮಾತನ್ನೂ ಹೇಳಿದೆ. ಎನೆಲೆಸಿ ಮೊರವನ್ನು ಪಕ್ಕಕ್ಕೆ ತಳ್ಳಿ ನನ್ನ ಕಡೆ ತಿರುಗಿದರು.

"ನೀನು ಬೆಂಬಾ ಹೌದೋ ಅಲ್ವೋ? ಅದನ್ನ ಮೊದ್ಲು ಹೇಳು."

ಹೌದು ಎಂದೆ.

"ಕೋತಿ ತಿಂದೂ ತಿಂದೂ ನಿಮ್ಮ ಕಿವಿ ಮೊರದಗಲ ಆಗಿದೆ, ಆದ್ರೂ ಕೇಳ್ಸಲ್ಲ. ಮೂರು ಸಲ ಬಂದೆ, ಚರ್ಚಿನ ಬೆಕ್ಕಿನ ಥರ ಕೂತು ಹೋದೆ. ನನ್ನ ಮಗ ಸತ್ತ ಕಣೇ. ನಿಮ್ಮೋರು ಒಬ್ರಾದ್ರೂ ಬಂದು ನನ್ನ ಬೈದ್ರಾ?"

ಮಾಯೋ, ಆಗ ನನಗೆ ತಟ್ಟಿತು. ಇವರು ಅಂಗೋನಿ. ನಾನು ಬೆಂಬಾ. ನಮ್ಮ ಅಜ್ಜಂದಿರು ಈಟಿ ಹಿಡಿದು ಕಾದಾಡಿದರು, ಅದಕ್ಕೆ ಮೊಮ್ಮಕ್ಕಳು ಬಾಯಲ್ಲಿ ಕಾದಾಡುತ್ತೇವೆ, ಈ ಬೈಗುಳದ ನೆಂಟಸ್ತಿಕೆಗೇ ಚಿಂಬುಯ ಎನ್ನುವುದು. ಕಸಾಮದ ಬಸ್ಸಿನಲ್ಲಿ ಅಂಗೋನಿ ಸಿಕ್ಕರೆ ಸೀಟಿಗಾಗಿ ಬೈದಾಡಿ ಅದೇ ಸೀಟಿನಲ್ಲಿ ಇಬ್ಬರೂ ಕೂರುತ್ತೇವೆ. ಅವರ ಮನೆಯಲ್ಲಿ ಸಾವಾದರೆ ನಾವು ಹೋಗಿ ಅಳುವವರನ್ನು ಗೇಲಿ ಮಾಡಬೇಕು, ಅಡುಗೆಯ ಸೌಟು ಕಿತ್ತುಕೊಳ್ಳಬೇಕು, ಸತ್ತವನ ಬಟ್ಟೆ ಹಾಕಿಕೊಂಡು ಅವನ ನಡಿಗೆ ನಡೆದು ತೋರಿಸಬೇಕು. ಅದು ನಮ್ಮ ಹಕ್ಕು, ನಮ್ಮ ಸಾಲವೂ ಹೌದು. ನಾವು ಬರದಿದ್ದರೆ ಆ ಸಾವು ಸಾವೇ ಅಲ್ಲ. ಇದು ನಿಮಗೆ ನಾನು ಹೇಳಬೇಕಾದದ್ದಲ್ಲ. ಆದರೆ ನಾವಿಬ್ಬರೂ ಅದನ್ನು ಬೇಲಿಯ ಹೊರಗೆ ನೇತುಹಾಕಿ ಬಂದಿದ್ದೆವಲ್ಲ.

ಇಲಿಯ ತಟ್ಟೆಯೂ ಆಗಲೇ ಅರ್ಥವಾಯಿತು. ಅದು ಊಟವಲ್ಲ, ಕರೆ. ಇಲಿ ತಿನ್ನುವವರೇ ಎಂದು ನಾನು ಹಂಗಿಸಲಿ ಎಂದು ಅವರು ಕಾದು ನಿಂತಿದ್ದರು. ನಾನು ಗೌರವಕ್ಕೆ ಯೋಗ್ಯ ಎಂದೆ.

ಹೊಟ್ಟೆಯೊಳಗಿಂದ ನಮ್ಮಜ್ಜಿಯ ದನಿ ಎದ್ದು ಬಂದ ಹಾಗೆ ನನ್ನ ಬಾಯಿಂದ ಮಾತು ಬಂತು: "ಹೇಳಿ ಕಳಿಸಿದ್ರೆ ತಾನೇ ಬರೋದು? ಊರೆಲ್ಲ ಬಿಲ ಅಗೀತಾ ಕೂತಿದ್ರೆ ಹೇಳಿ ಕಳ್ಸೋರು ಯಾರು?"

ಎನೆಲೆಸಿಯ ಮುಖ ನೀವು ನೋಡಬೇಕಿತ್ತು. ಒಣಗಿದ ಚರ್ಮಕ್ಕೆ ಎಣ್ಣೆ ಹಚ್ಚಿದ ಹಾಗೆ ಆಯಿತು.

"ಇಲಿ ತಟ್ಟೆ ಇಟ್ಟಾಗ ಎಲ್ಲಿ ಹೋಗಿತ್ತೇ ಈ ಬಾಯಿ?"

"ಲುಸಾಕಾದಲ್ಲಿ ಬಿಟ್ಟು ಬಂದಿದ್ದೆ. ನಿಮ್ಮೋರು ಕದೀತಾರೆ ಅಂತ."

ನಕ್ಕರು. ನಗುತ್ತಲೇ ಹೇಳಿದರು, ಯಾರೂ ಯಾರಿಗೂ ಹೇಳಿ ಕಳಿಸಲಿಲ್ಲವಂತೆ. ಇಂಥ ಕೂಸಿಗೆ ಸಾವಿನ ಮನೆ ಇಲ್ಲ. ಗಂಡಸರು ಗುದ್ದಲಿ ಮುಟ್ಟಲಿಲ್ಲ, ಮುದುಕಿಯರೇ ಮನೆಯ ಹಿಂದೆ ಹೂತು ಬಂದರು. ಹಾಸಿಗೆ ಅಂಗಳಕ್ಕೆ ಬರಲಿಲ್ಲ, ಜನ ಸೇರಲಿಲ್ಲ, ಒಲೆ ಎಂದಿನಂತೆ ಉರಿಯಿತು. ಅಳಬೇಡ, ಅತ್ತರೆ ಮುಂದಿನ ಕೂಸು ಬರುವುದಿಲ್ಲ ಎಂದರು ಆ ಮುದುಕಿಯರು. ಮೂರನೆಯ ದಿನ ನೀರಿಗೆ ಹೋದಾಗ ಬಾವಿಯ ಹತ್ತಿರ ಎಲ್ಲರೂ ಜೋಳದ ಬಗ್ಗೆ ಮಾತಾಡಿದರಂತೆ.

ಆಮೇಲೆ ಎನೆಲೆಸಿ ಅಂದರು, "ನೀವು ಸತ್ತೋರ ಥರ ಮಾಡಿ ತೋರಿಸ್ತೀರಲ್ಲ. ಅವನ ಥರ ಮಾಡು."

ಅವನ ನಡಿಗೆ ಇಲ್ಲ, ಮಾತಿಲ್ಲ, ಬಟ್ಟೆ ಇಲ್ಲ. ನಾನು ಅವನನ್ನು ನೋಡಿದವಳಲ್ಲ. ಏನು ಮಾಡಲಿ ಎಂದು ಕೇಳಿದೆ. ಮಲಗು ಎಂದರು. ಚಾಪೆಯ ಮೇಲೆ ಮುದುಡಿ ಮಲಗಿದೆ, ಕೈಯನ್ನು ಬಾಯಿಯ ಹತ್ತಿರ ಇಟ್ಟುಕೊಂಡೆ, ಕೂಸುಗಳು ಹಾಗೆ ತಾನೇ ಇರುವುದು. ಅಳು ಎಂದರು, ನಾನು ಅತ್ತೆ.

"ಅದೇನೇ ಅದು, ಕೋತಿ ಬಾಲ ತುಳಿದ್ಹಂಗೆ? ಇನ್ನೂ ಸಣ್ಣಗೆ."

ಮತ್ತೆ ಅತ್ತು ತೋರಿಸಿದೆ. ಅಷ್ಟು ಉದ್ದ ಬೇಡ ಎಂದರು. ಮೊದಲು ಒಂದು, ಸ್ವಲ್ಪ ತಡೆದು ಇನ್ನೊಂದು, ಎರಡೇ. ಎರಡನೆಯದು ನಡುವೆ ಕಡಿದ ಹಾಗೆ. ಪ್ರತಿ ಸಲ ತಿದ್ದುವಾಗಲೂ ಒಂದೊಂದು ಸಂಗತಿ ಹೊರಬಂತು. ಆಸ್ಪತ್ರೆಯಲ್ಲಿ ಆಗ ಬೆಳಗಿನ ಹೊತ್ತು, ಕಿಟಕಿಯಿಂದ ಬಿಸಿಲು ಬರುತ್ತಿತ್ತು. ಪಕ್ಕದ ಮಂಚದಲ್ಲಿ ಇನ್ನೊಬ್ಬಳಿಗೂ ಹೆರಿಗೆ ನೋವು, ಇದ್ದದ್ದು ಒಬ್ಬಳೇ ನರ್ಸು. ಕೂಸನ್ನು ಎನೆಲೆಸಿಯ ಸೊಂಟದ ಚಿಟೆಂಗೆ ಬಟ್ಟೆಯಲ್ಲೇ ಸುತ್ತಿ ಆಚೆ ಮೇಜಿನ ಮೇಲಿಟ್ಟಳು, ಬಟ್ಟೆಯಿಂದ ಒಂದು ಪಾದ ಮಾತ್ರ ಹೊರಗಿತ್ತು. ಆ ಇನ್ನೊಬ್ಬಳು ಕೂಗಿದಳು, ನರ್ಸು ಅತ್ತ ಓಡಿದಳು. ಆ ಪಾದ ಆಡುತ್ತಿತ್ತು, ಆಮೇಲೆ ಆಡಲಿಲ್ಲ. ನರ್ಸು ಬಂದು ನೋಡಿ, ಸತ್ತು ಹುಟ್ಟಿದ್ದು ಎಂದು ಬರೆದುಕೊಂಡಳು. ಎನೆಲೆಸಿ ನೋಡುತ್ತೇನೆ ಎಂದರೆ, ಬೇಡ, ನೋಡಿದರೆ ಮರೆಯುವುದಿಲ್ಲ ಎಂದರು ಮುದುಕಿಯರು.

"ಸತ್ತು ಹುಟ್ಟಿದೋನು ಅಳ್ತಾನೇನೇ?" ಎಂದು ಎನೆಲೆಸಿ ನನ್ನನ್ನು ಕೇಳಿದರು. ನಾನು ಇನ್ನೂ ಚಾಪೆಯ ಮೇಲೆಯೇ ಇದ್ದೆ. ಅಳುವುದಿಲ್ಲ ಎಂದೆ.

ಆಗ ಎನೆಲೆಸಿ ಅತ್ತರು. ಕ್ಯಾಸೆಟ್ ಅಷ್ಟರಲ್ಲಿ ಮುಗಿದಿತ್ತು, ಅದು ನಿಮಗೆ ಕೇಳಿಸಿರುವುದಿಲ್ಲ. ಅಂಬುಯಾ ಕೇರುವುದನ್ನು ನಿಲ್ಲಿಸಿದರು, ತಿರುಗಲಿಲ್ಲ.

ನನ್ನನ್ನು ಮನೆಗೆ ಕಳಿಸಿದರೂ ಸರಿಯೇ. ಆದರೆ ಅಳಿಸಬೇಡಿ ಎಂದು ಹೇಳಿ. ಅವನು ಅತ್ತದ್ದು ಇನ್ನೆಲ್ಲೂ ಇಲ್ಲ.

ಮ್ವಾಬ


ಲುಸಾಕಾ
27 ಆಗಸ್ಟ್ 1993

ಮಗಳೇ ಮ್ವಾಬ,

ಸಮಿತಿ ಸೇರಿತು. ಸಮಿತಿಗೆ ನಾನು ಮೊದಲು ಏನು ಬರೆದುಕೊಟ್ಟಿದ್ದೆ ಎನ್ನುವುದು ನಿನಗೆ ಬೇಡ. ಅದನ್ನು ವಾಪಸು ಇಸಿದುಕೊಂಡು ಬಂದೆ ಎನ್ನುವಷ್ಟು ಸಾಕು.

ಕ್ಯಾಸೆಟ್ ಹಾಕಿದರು. ಉದ್ದನೆಯ ಮೇಜು, ಐದು ಜನ, ಮಧ್ಯದಲ್ಲಿ ಆ ಪುಟ್ಟ ಯಂತ್ರ. ನೀನು ಅಳಲು ಶುರು ಮಾಡಿದ್ದೇ ಒಬ್ಬರು ಕನ್ನಡಕ ತೆಗೆದು ಒರೆಸಿದರು, ಒಬ್ಬರು ಎದ್ದು ಕಿಟಕಿಯ ಹತ್ತಿರ ಹೋದರು. ಮುಗಿದ ಮೇಲೆ ಡಾಕ್ಟರ್ ಮುಬಿತಾ ಕೈಕಟ್ಟಿ ಕೂತು ಕೇಳಿದರು, ಇದು ಸಂದರ್ಶನವೋ ಬಯಲಾಟವೋ ಎಂದು.

ನಿನ್ನ ಪತ್ರವನ್ನು ಓದಿದೆ, ದನಿ ಎತ್ತಿ, ಅವರವರ ದನಿಯಲ್ಲಿ. ಮುಬಿತಾ ತಲೆಯಾಡಿಸಿದರು. ಸಂಪ್ರದಾಯ ಅವರಿಗೂ ಗೊತ್ತು, ಆದರೆ ತಾಯಿಗೆ ಅಂದು ಹಿತವೆನಿಸಿದ್ದು ನಾಳೆ ಗಾಯವಾದರೆ ಹೊಣೆ ಯಾರು ಎಂದರು. ತಪ್ಪು ಮಾತಲ್ಲ, ಮಗಳೇ. ಆಗ ನೋಡು, ಆ ಮನುಷ್ಯ ಲೋಜಿ, ನಾನು ಟೋಂಗಾ. ನಿಮಗೆ ಅಂಗೋನಿ ಹೇಗೋ ನಮಗೆ ಲೋಜಿಗಳು ಹಾಗೆ. ಒಂದೇ ಕಟ್ಟಡದಲ್ಲಿ ವರ್ಷಗಟ್ಟಲೆ ಡಾಕ್ಟರ್, ಮೇಡಂ ಎಂದುಕೊಂಡು ಓಡಾಡಿದ್ದೇವೆ. ನಾನು ಎದ್ದು ನಿಂತೆ. ಎದ್ದು ನಿಲ್ಲದೆ ನನಗೆ ಮಾತು ಬರುವುದಿಲ್ಲ.

"ಮುಬಿತಾ," ಎಂದೆ, ಡಾಕ್ಟರ್ ಇಲ್ಲ ಏನಿಲ್ಲ. "ನಮ್ಮಪ್ಪ ತೀರಿಕೊಂಡಾಗ ನಿಮ್ಮೋನೊಬ್ಬ ಬಂದ. ಅಪ್ಪನ ಕೋಟು ಹಾಕ್ಕೊಂಡ, ಅಪ್ಪನ ಥರಾನೇ ಎಡಗಾಲು ಎಳೀತಾ ಕೊಟ್ಟಿಗೆಗೆ ಹೋದ, ಹಸುಗಳನ್ನ ಹೆಸರು ಹಿಡಿದು ಬೈದ. ನಮ್ಮಮ್ಮ ಅಲ್ಲೀವರೆಗೆ ಅತ್ತೇ ಇರ್ಲಿಲ್ಲ."

ಮುಬಿತಾ ಮೇಜು ನೋಡುತ್ತಿದ್ದರು. ಆಮೇಲೆ ನಿಧಾನವಾಗಿ ಕೇಳಿದರು, "ಟೋಂಗಾ ಹೆಂಗಸು ಅತ್ತಿದ್ದು ಗಂಡನಿಗೋ, ಹಸುಗಳಿಗೋ?"

ನಾನು ನಕ್ಕೆ, ಮ್ವಾಬ. ನಕ್ಕು, ಆ ಐದು ಜನರ ಎದುರು, ಈ ವಯಸ್ಸಿನಲ್ಲಿ, ಅಪ್ಪನಿಗಾಗಿ ಮೂಗೊರೆಸಿಕೊಂಡೆ. ಅವರಾಗಿಯೇ ಕರವಸ್ತ್ರ ಕೊಟ್ಟರು. ಕೊಡುವಾಗ, ಹಿಂದಿರುಗಿಸಿ, ಟೋಂಗಾಗಳ ಕೈಗೆ ಹೋದದ್ದು ಬರುವುದಿಲ್ಲ ಎಂದರು.

ಹಾಗೆಂದು ಗೆದ್ದೆವು ಎಂದುಕೊಳ್ಳಬೇಡ. ಅವರ ಪ್ರಶ್ನೆ ಅಲ್ಲಿಯೇ ಇದೆ. ಕೂಸು ಅತ್ತಿದ್ದರೆ ಬದುಕಿ ಹುಟ್ಟಿದ್ದು, ಅದು ಬೇರೆಯೇ ಲೆಕ್ಕಕ್ಕೆ ಸೇರುತ್ತದೆ, ಹೆರಿಗೆ ಕೋಣೆಯಲ್ಲಿ ಒಬ್ಬಳೇ ನರ್ಸು ಇದ್ದಾಗ ಏನಾಗುತ್ತದೆ ಎನ್ನುವುದಕ್ಕೆ ಸಾಕ್ಷಿಯಾಗುತ್ತದೆ, ಇದನ್ನು ಎಲ್ಲರೂ ಒಪ್ಪಿದರು. ಆದರೆ ಇದನ್ನು ಉಳಿಸುವುದೋ ಅಳಿಸುವುದೋ ಎನ್ನುವುದು ನಮ್ಮ ತೀರ್ಮಾನವಲ್ಲ ಎಂದೂ ಒಪ್ಪಿದರು. ಕ್ಯಾಸೆಟ್ ವಾಪಸು ಕಳಿಸುತ್ತಿದ್ದೇನೆ. ಎನೆಲೆಸಿಗೆ ಕೇಳಿಸು. ಪೂರ್ತಿ. ತಣ್ಣಗೆ ಕೂತು ಕೇಳಿದ ಮೇಲೆ ಅವಳು ಇರಲಿ ಎಂದರೆ ಇರುತ್ತದೆ, ಬೇಡ ಎಂದರೆ ಅವಳ ಎದುರಿಗೇ ಅಳಿಸಿಬಿಡು. ನಿನ್ನ ಕೆಲಸದ ತೀರ್ಮಾನವೂ ಅದರ ಜೊತೆಗೇ ನಿಂತಿದೆ.

ಒಂದು ಎಚ್ಚರಿಕೆ. ಪಕ್ಕದ ಊರಿನಲ್ಲಿ ಚೇವಾಗಳಿದ್ದಾರೆ. ಅವರು ನಿನಗೆ ಏನೂ ಆಗಬೇಕಾದವರಲ್ಲ. ಅಲ್ಲಿ ಹೋಗಿ ಬಾಯಿ ಬಿಟ್ಟೀಯ. ಬೇಲಿಯ ಹೊರಗೆ ಏನನ್ನು ನೇತುಹಾಕಬೇಕು, ಏನನ್ನು ಒಳಗೆ ಕೊಂಡೊಯ್ಯಬೇಕು ಎಂದು ಪ್ರತಿ ಬೇಲಿಯ ಹತ್ತಿರವೂ ನಿಂತು ಯೋಚಿಸಬೇಕಾಗುತ್ತದೆ. ನಾನು ಕಲಿಸಿದ್ದು ಅಷ್ಟು ಸುಲಭವಾಗಿರಲಿಲ್ಲ ಎಂದು ಈಗ ಗೊತ್ತಾಗುತ್ತಿದೆ.

ಲುಯಾಂಡೊ


ಚಿಸೆಂಗು
10 ಸೆಪ್ಟೆಂಬರ್ 1993

ಮಾಯೋ ಲುಯಾಂಡೊ,

ನಿನ್ನೆ ಹೋಗಿದ್ದೆ. ಬೇಲಿಯ ಹತ್ತಿರ ನಿಂತು ಯೋಚಿಸಲು ಎನೆಲೆಸಿ ಬಿಡಲಿಲ್ಲ. ಸೈಕಲ್ ಕಂಡದ್ದೇ, ಬಂತು ನೋಡಿ ಕೋತಿ ಸವಾರಿ, ಕೋಳಿ ಒಳಗೆ ಕೂಡಿ ಎಂದು ಅಕ್ಕಪಕ್ಕದವರಿಗೆಲ್ಲ ಕೇಳುವ ಹಾಗೆ ಕೂಗಿದರು.

ಸಮಿತಿಯ ಮಾತನ್ನು ಹೇಳಿದೆ. ಉಳಿಸುವುದು, ಅಳಿಸುವುದು ಎರಡೂ ನಿಮ್ಮ ಕೈಯಲ್ಲಿದೆ, ಯಾವುದಕ್ಕೂ ಕಾರಣ ಕೊಡಬೇಕಾಗಿಲ್ಲ ಎಂದೆ. ಲುಸಾಕಾದಲ್ಲಿ ಎಷ್ಟು ಜನ ಕೇಳಿದರು ಎಂದರು. ಐದು, ನಮ್ಮ ಮಾಯೋ ಸೇರಿ ಆರು ಎಂದೆ. ಗಂಡಸರೂ ಇದ್ದರೇ ಎಂದರು. ಇದ್ದರು ಎಂದೆ. ಅದನ್ನು ಕೇಳಿ ಚಾಪೆ ಹಾಸಿದರು.

ಯಂತ್ರವನ್ನು ಚಾಪೆಯ ನಡುವೆ ಇಟ್ಟು ಹಾಕಿದೆ. ಬೈಗುಳ ಬಂದಾಗ ಎನೆಲೆಸಿ ತೊಡೆ ತಟ್ಟಿ ನಕ್ಕರು, ತಮ್ಮದೇ ಮಾತಿಗೆ. ನನ್ನ ಅಳು ಬಂದಾಗ ನಗಲಿಲ್ಲ. ಮುಂದಕ್ಕೆ ಬಾಗಿ, ಯಂತ್ರದ ಹತ್ತಿರ ಮುಖ ತಂದು ಕೇಳಿದರು. ನನಗೆ ಡಾಕ್ಟರ್ ಮುಬಿತಾ ಕೇಳಿದ್ದು ನೆನಪಾಯಿತು. ಗಾಯವಾಗುತ್ತಿದೆಯೋ ಏನೋ ಎಂದು ಅವರ ಮುಖ ನೋಡಿದರೆ, ಅಲ್ಲಿ ಇದ್ದದ್ದು ಗಾಯವಲ್ಲ. ಹೊಸ ಹಾಡನ್ನು ಸರಿಯಾಗಿ ಕಲಿಯಬೇಕು ಎನ್ನುವವರ ಮುಖ. ಮುಗಿದ ಮೇಲೆ ಅಂದರು, "ಇಟ್ಕೊಳ್ಲಿ. ಆದ್ರೆ ಅವನ ದನಿ ಇದಕ್ಕಿಂತ ಚಿಕ್ಕದಿತ್ತು ಅಂತ ಹೇಳು. ಬೆಂಬಾ ಹುಡುಗಿಗೆ ಸರಿಯಾಗಿ ಬರ್ಲಿಲ್ಲ ಅಂತ ಹೇಳು."

ಹೇಳಿದ್ದೇನೆ, ಮಾಯೋ. ಹಾಗೆಯೇ ಸಮಿತಿಗೆ ತಿಳಿಸಿ. ಇದು ನಿಮಗೆ ಬೇಕಾದ ಉತ್ತರ.

ಪತ್ರ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ನೀವು ಅಂಬುಯಾ ಝೆಲೆಸಿಯ ಬೆನ್ನಿನ ಬಗ್ಗೆ ಕೇಳಿದ್ದಿರಿ.

ನಾನು ಯಂತ್ರವನ್ನು ಚೀಲಕ್ಕೆ ಹಾಕುತ್ತಿದ್ದೆ. ಗೋಡೆಯ ಕಡೆಯಿಂದ ಒಂದು ಮಾತು ಬಂತು, "ಕೈ ತಪ್ಪು." ಇಷ್ಟು ದಿನದಲ್ಲಿ ಅವರ ದನಿ ನಾನು ಕೇಳಿದ್ದು ಅದೇ ಮೊದಲು. ನೋಡಿದರೆ ಮೊರ ಕೆಳಗಿಟ್ಟಿದ್ದಾರೆ, ನಮ್ಮ ಕಡೆ ತಿರುಗಿದ್ದಾರೆ.

ಏನು ತಪ್ಪು, ಅಂಬುಯಾ ಎಂದು ಕೇಳಿದೆ.

"ಅವತ್ತು ನೀನು ಮಲಗಿದ್ದೆಯಲ್ಲ, ಕೈ ಬಾಯಿ ಹತ್ರ ಇಟ್ಕೊಂಡು. ಹಾಗಿರ್ಲಿಲ್ಲ ಅವನು. ನಾನೇ ತೊಳೆದದ್ದು."

ಹಾಗಾದರೆ ಅಂದು ಬೆನ್ನು ಹಾಕಿ ಕೂತವರು ಯಾವಾಗ ನೋಡಿದರು, ಗೊತ್ತಿಲ್ಲ. ನೋಡಿದ್ದರು.

ಎನೆಲೆಸಿ ಅತ್ತೆಯನ್ನೇ ನೋಡುತ್ತಿದ್ದರು. ತಮಾಷೆಯೆಲ್ಲ ಮುಖದಿಂದ ಇಳಿದಿತ್ತು. "ನನಗೆ ಹೇಳ್ಲೇ ಇಲ್ಲ ನೀವು," ಎಂದರು.

"ನೀನು ಕೇಳ್ಲಿಲ್ಲ," ಎಂದರು ಮುದುಕಿ. ಆಮೇಲೆ, "ಕೇಳ್ಬೇಡ ಅಂತ ನಾನೇ ಹೇಳಿದ್ದೆ."

ನಾನು ಯಂತ್ರವನ್ನು ತೋರಿಸಿ, ಹಾಕಲೇ ಎಂದು ಕೈಸನ್ನೆಯಲ್ಲಿ ಕೇಳಿದೆ. ಕೈ ಹೇಗಿತ್ತು ಎಂಬುದನ್ನು ಯಂತ್ರ ಏನು ಮಾಡಿಕೊಳ್ಳುತ್ತದೆ ಎನ್ನುತ್ತ ಅಂಬುಯಾ ಎದ್ದು ಬಂದರು. ಮೊಣಕಾಲಿನ ಮೇಲೆ ಕೈಯೂರಿ ಕೂತರು, ಆಮೇಲೆ ನಿಧಾನವಾಗಿ ಚಾಪೆಯ ಮೇಲೆ ಪಕ್ಕಕ್ಕೆ ಒರಗಿದರು. ನಾನು ಹಿಡಿಯಲು ಹೋದೆ, ಬೇಡ ಎಂದರು.

ಕ್ಯಾಸೆಟ್ಟಿನಲ್ಲಿ ಇರುವುದಿಲ್ಲ, ಅದಕ್ಕೆ ಇಲ್ಲಿ ಬರೆಯುತ್ತೇನೆ. ಎಡಗೈ ಮುಷ್ಟಿ, ಕಿವಿಗೆ ಒತ್ತಿಕೊಂಡು, ದೂರದ ಸದ್ದು ಕೇಳುವವನ ಹಾಗೆ. ಬಲಗೈ ಬಿಚ್ಚಿಕೊಂಡು ಎದೆಯ ಮೇಲೆ. ಕಾಲು ಮಡಚಿ, ಒಂದರ ಮೇಲೊಂದು. ಗದ್ದ ಎದೆಗೆ ತಾಗಿಸಿ. ಒಂದು ಕಣ್ಣು ಪೂರ್ತಿ ಮುಚ್ಚಿ, ಇನ್ನೊಂದು ಅರ್ಧ ತೆರೆದು.

ಎನೆಲೆಸಿ ಸುತ್ತಲೂ ಹೋಗಿ ಎಲ್ಲ ಕಡೆಯಿಂದಲೂ ನೋಡಿದರು. ಬಗ್ಗಿ ಆ ಮುಷ್ಟಿಯನ್ನು ಮುಟ್ಟಿದರು, ಬೆರಳುಗಳನ್ನು ಒಂದೊಂದಾಗಿ. ಹೆಬ್ಬೆರಳು ಒಳಗಿತ್ತೋ ಹೊರಗಿತ್ತೋ ಎಂದು ಕೇಳಿದರು. ಒಳಗೆ ಎಂದರು ಅಂಬುಯಾ, ಕಣ್ಣು ಅಲುಗಿಸದೆ, ಮತ್ತು ಹೆಬ್ಬೆರಳನ್ನು ಒಳಗೆ ಹಾಕಿಕೊಂಡರು.

ಆಮೇಲೆ ಎನೆಲೆಸಿ ತಮ್ಮ ಸೊಂಟದ ಚಿಟೆಂಗೆಯನ್ನು ಬಿಚ್ಚಿ, ಕೊಡವಿ, ಅತ್ತೆಯ ಮೈಮೇಲೆ ಕುತ್ತಿಗೆಯ ತನಕ ಹೊದಿಸಿದರು. ಪಾದ ಹೊರಗೆ ಉಳಿಯದ ಹಾಗೆ ಅಂಚನ್ನು ಸಿಕ್ಕಿಸಿದರು.

ಇಲ್ಲಿ ಈಗ ಬಿಸಿಲು ಹೊತ್ತಿ ಉರಿಯುತ್ತಿದೆ. ಅಂಬುಯಾ ಬೆವರುತ್ತಿದ್ದರು. ಆದರೂ ಬಟ್ಟೆ ಸರಿಸಲಿಲ್ಲ.

ನಿಮ್ಮ,
ಮ್ವಾಬ